ಮೂಗು ಮರಳಿಸಿದ ಬಿಜಾಪುರದ ವೈದ್ಯರು

ಮುತ್ತಿಗೆಗೆ ಬಂದ ಸೈನ್ಯಕ್ಕೆ ಮದ್ದುಗುಂಡಿಗಿಂತ ಮೊದಲು ಬೇಕಾಗುವುದು ಮೇವು. 1685ರ ಏಪ್ರಿಲ್‌ನಲ್ಲಿ ಔರಂಗಜೇಬನ ಪಡೆ ಬಿಜಾಪುರದ ಕೋಟೆಯನ್ನು ಸುತ್ತುಗಟ್ಟಿದಾಗ ಕುದುರೆ, ಆನೆ, ಒಂಟೆ, ಎತ್ತುಗಳ ಹೊಟ್ಟೆ ದಿನವೂ ತುಂಬಬೇಕಿತ್ತು. ಸಾವಿರಾರು ಒಲೆಗಳಿಗೆ ಕಟ್ಟಿಗೆ ಬೇಕಿತ್ತು. ಅದನ್ನು ತರಲು ಹೊರಡುತ್ತಿದ್ದವರು ಸರದಾರರಲ್ಲ. ಕೂಲಿಗೆ ಬಂದವರು, ಎತ್ತು ಹೊಡೆಯುವವರು, ಹುಲ್ಲು ಹೊರುವವರು, ಒಟ್ಟಿನಲ್ಲಿ ಹೆಗಲ ಮೇಲೆ ಕುಡುಗೋಲು, ಹಗ್ಗ ಬಿಟ್ಟರೆ ಬೇರೆ ಆಯುಧವಿಲ್ಲದ ಬಡವರು. ಕೋಟೆಯಿಂದ ಪಶ್ಚಿಮಕ್ಕೆ ತೊರವಿ ದಾಟಿದರೆ ಇಂದಿನ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ. ಡೋಣಿ ನದಿಯ ಎರೆಭೂಮಿ ಇದೇ ಸೀಮೆಯಲ್ಲಿ ಹಾಸಿಕೊಂಡಿದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಈ ನೆಲದಿಂದ. ಜೋಳ ಇದ್ದಲ್ಲಿ ಕಣಿಕೆ ಇರುತ್ತದೆ. ಆದರೆ ಮುತ್ತಿಗೆಯ ಕಾಲಕ್ಕೆ ಮಳೆ ಕೈಕೊಟ್ಟು ಬರ ಬಿದ್ದಿತ್ತು; ಬಣವಿಗಳು ಕರಗಿದ್ದವು; ಮೇವಿನವರು ಪಾಳೆಯ ಬಿಟ್ಟು ದೂರ ದೂರ ಹೋಗಬೇಕಾಯಿತು.

ಹೀಗೆ ಒಂಟಿಯಾಗಿ ಸಿಕ್ಕವರನ್ನು ಬಿಜಾಪುರದ ಸೈನಿಕರು ಕೊಲ್ಲುತ್ತಿರಲಿಲ್ಲ. ಮೂಗು ಕೊಯ್ದು ವಾಪಸು ಕಳಿಸುತ್ತಿದ್ದರು. ರಕ್ತ ಸೋರುವ ಮುಖ ಹೊತ್ತು ಅವರು ಪಾಳೆಯಕ್ಕೆ ಮರಳುತ್ತಿದ್ದರು. ಸತ್ತವನನ್ನು ಒಂದು ದಿನದಲ್ಲಿ ಮಣ್ಣು ಮಾಡಿ ಮರೆಯಬಹುದು. ಮೂಗಿಲ್ಲದವನು ಮಾತ್ರ ಪಾಳೆಯದ ತುಂಬ ಓಡಾಡುತ್ತ ಭಯ ಹರಡುತ್ತಾನೆ ಎಂಬ ಲೆಕ್ಕ ಇದರ ಹಿಂದೆ ಇದ್ದೀತು. ಆ ಶತಮಾನದಲ್ಲಿ ಇದು ಬಿಜಾಪುರದ್ದೊಂದೇ ಪದ್ಧತಿಯಲ್ಲ. ಮೈಸೂರಿನ ಪಡೆ ಮಧುರೆಯ ಮೇಲೆ ಹೋದಾಗಲೂ ಇದೇ ಕೆಲಸ ಮಾಡಿತ್ತು. ತಮಿಳು ನಾಡಿನಲ್ಲಿ ಆ ಯುದ್ಧಕ್ಕೆ ಮೂಗಿನ ಯುದ್ಧ ಎಂದೇ ಹೆಸರು ನಿಂತಿತು.

ಬಿಜಾಪುರದ ಈ ಕ್ರೌರ್ಯವನ್ನು ದಾಖಲಿಸಿದವನು ನಿಕೊಲಾವೊ ಮನೂಚಿ. ವೆನಿಸ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಹಿಂದುಸ್ಥಾನಕ್ಕೆ ಬಂದು, ಮೊದಲು ದಾರಾ ಶಿಕೋಹನ ತೋಪಿನ ಪಡೆಯಲ್ಲಿ ದುಡಿದವನು. ಆಮೇಲೆ ನೋಡಿ ಕಲಿತ ವೈದ್ಯವನ್ನೇ ಕಸುಬಾಗಿಸಿಕೊಂಡು ಔರಂಗಜೇಬನ ಮಗ ಶಾಹ್ ಆಲಂನ ಸೇವೆಯಲ್ಲಿದ್ದ. ಕೊನೆಗಾಲದಲ್ಲಿ ಮದರಾಸಿನಲ್ಲಿ ನೆಲೆಸಿ ಮೊಗಲರ ಬಗ್ಗೆ ದೊಡ್ಡ ಗ್ರಂಥ ಬರೆದ. ವೈದ್ಯನ ಕಣ್ಣಿದ್ದುದರಿಂದ ಅವನು ಮೂಗು ಹೋದದ್ದನ್ನಷ್ಟೇ ಬರೆದು ಮುಂದೆ ಹೋಗಲಿಲ್ಲ. ಮೂಗು ಮರಳಿ ಬಂದದ್ದನ್ನೂ ಬರೆದ.

ಈ ಸೀಮೆಯ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮವನ್ನು ಕೊಯ್ದು, ಬುಡ ಕಡಿಯದೆ, ಕೆಳಕ್ಕೆ ಇಳಿಬಿಡುತ್ತಿದ್ದರು. ಇಳಿಬಿಡುವಾಗ ಅದಕ್ಕೊಂದು ತಿರುವು ಕೊಡುತ್ತಿದ್ದರು. ಏಕೆಂದರೆ ಹಸಿ ಮಾಂಸಕ್ಕೆ ಹಸಿ ಮಾಂಸ ತಾಗಿದರೆ ಮಾತ್ರ ಕೂಡಿಕೊಳ್ಳುತ್ತದೆ. ನೇರವಾಗಿ ಮಗುಚಿದರೆ ಚರ್ಮದ ಹೊರಮೈ ಗಾಯದ ಮೇಲೆ ಕೂತು ಅಂಟುವುದಿಲ್ಲ. ಉಸಿರಾಟಕ್ಕೆ ದಾರಿ ಉಳಿಯಲೆಂದು ಒಳಗೆ ಏನಾದರೂ ತಡೆ ಇಟ್ಟು, ಮೇಲೆ ಮದ್ದು ಕಟ್ಟುತ್ತಿದ್ದರು. ಕೆಲವೇ ದಿನಗಳಲ್ಲಿ ಗಾಯ ಮಾಯುತ್ತಿತ್ತು. ಇಂಥ ಮೂಗಿನ ಅನೇಕರನ್ನು ನಾನು ಕಂಡಿದ್ದೇನೆ, ಮೂಗೇ ಇಲ್ಲದಿದ್ದರೆ ಕಾಣುತ್ತಿದ್ದಷ್ಟು ವಿಕಾರವಾಗಿ ಅವರು ಕಾಣುತ್ತಿರಲಿಲ್ಲ ಎಂದು ಮನೂಚಿ ಹೇಳುತ್ತಾನೆ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇಲ್ಲದಿರುವುದರಿಂದಲೇ ಅವನ ಮಾತು ನಂಬಿಕೆಗೆ ಅರ್ಹ.

ಅವನು ಇನ್ನೊಂದು ಸಂಗತಿಯನ್ನು ಗಮನಿಸಿದ್ದಾನೆ. ಈ ಮುಖಗಳಲ್ಲಿ ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ತೂತು ಉಳಿದಿರುತ್ತಿತ್ತು. ಚರ್ಮಕ್ಕೆ ಕೊಟ್ಟ ತಿರುವಿನ ಕೆಳಗೆ ಉಳಿದ ಸಂದು ಅದು. ಬಿಜಾಪುರದ ವೈದ್ಯರು ಆ ತಿರುಚಿದ ಬುಡವನ್ನು ಬಹುಶಃ ಹಾಗೇ ಬಿಡುತ್ತಿದ್ದರು. ರಕ್ತ ಬರುವುದು ಆ ದಾರಿಯಿಂದ. ಅದನ್ನು ಅವಸರದಲ್ಲಿ ಕಡಿದರೆ ಹೊಸ ಮೂಗು ಕಪ್ಪಿಟ್ಟು ಉದುರಿಹೋಗುತ್ತದೆ. ಕಣ್ಣಿನ ಒಳಮೂಲೆಯಿಂದ ಹಣೆಗೆ ಏರುವ ಪುಟ್ಟ ರಕ್ತನಾಳಗಳ ಹೆಸರು ಅವರಿಗೆ ತಿಳಿಯದಿರಬಹುದು, ಆದರೆ ಅಲ್ಲಿಯ ಬುಡವನ್ನು ಮುಟ್ಟಬಾರದೆಂದು ಅವರ ಕೈಗೆ ತಿಳಿದಿತ್ತು. ಇಂದಿಗೂ ಚರ್ಮದ ಕ್ಯಾನ್ಸರಿನಿಂದ ಮೂಗು ಕಳೆದುಕೊಂಡವರಿಗೆ ಪ್ಲಾಸ್ಟಿಕ್ ಸರ್ಜನ್ನರು ಮಾಡುವುದು ಇದೇ ಹಣೆಯ ಚರ್ಮದ ಕೆಲಸ, ಇದೇ ರಕ್ತನಾಳವನ್ನು ನಂಬಿ.

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯ ಬಗ್ಗೆ ಶಾಲೆಯ ಮಕ್ಕಳಿಗೂ ಗೊತ್ತು. ಮಲಿಕ್-ಎ-ಮೈದಾನ ತೋಪಿನ ಬಾಯಿಯ ಅಳತೆ ಗೈಡುಗಳಿಗೆ ಬಾಯಿಪಾಠ. ವೈದ್ಯಚರಿತ್ರೆಯಲ್ಲಿ ಈ ಊರಿಗೆ ಸಲ್ಲಬೇಕಾದ ಮಾನ ಮಾತ್ರ ಸಂದಿಲ್ಲ. ಹಣೆಯ ಚರ್ಮದಿಂದ ಮೂಗು ಕಟ್ಟಿದ್ದನ್ನು ಕಣ್ಣಾರೆ ಕಂಡ ಯುರೋಪಿನವನೊಬ್ಬ ಬರೆದಿಟ್ಟ ಹಳೆಯ ವರದಿಗಳಲ್ಲಿ ಇದು ಪ್ರಮುಖವಾದದ್ದು, ಮತ್ತು ಅದು ಬಿಜಾಪುರದ ಮುತ್ತಿಗೆಯ ಕಥೆಯ ನಡುವೆ ಬರುತ್ತದೆ. ಮುಂದೆ ಇದೇ ಬಗೆಯ ಮೂಗಿನ ಚಿಕಿತ್ಸೆಗೆ ಹೆಸರಾದ ಪುಣೆ ಪ್ಲಾಸ್ಟಿಕ್ ಸರ್ಜರಿಯ ಹಲವು ಪುಸ್ತಕಗಳಲ್ಲಿ ಇದೆ. ಪುಣೆಗಿಂತ ಒಂದು ಶತಮಾನದಷ್ಟು ಹಿಂದಿನ ಬಿಜಾಪುರ ಅಡಿಟಿಪ್ಪಣಿಗಳಲ್ಲಿ ಉಳಿದಿದೆ.

ಬಿಜಾಪುರದಲ್ಲಿ ವೈದ್ಯವಿದ್ಯೆಗೆ ಕೊರತೆ ಇರಲಿಲ್ಲ. ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದ ಇತಿಹಾಸಕಾರ ಫಿರಿಶ್ತಾ ವೈದ್ಯನೂ ಆಗಿದ್ದ. ಈ ನೆಲದ ವೈದ್ಯಪದ್ಧತಿಯ ಬಗ್ಗೆ ಪಾರಸಿಯಲ್ಲಿ ಒಂದು ಪುಸ್ತಕವನ್ನೇ ಬರೆದ. ಆಯುರ್ವೇದ, ಯೂನಾನಿ ಎರಡೂ ಒಂದೇ ಓಣಿಯಲ್ಲಿ ನಡೆಯುತ್ತಿದ್ದ ಕಾಲ ಅದು. ಆ ಕಾಲದ ಇನ್ನೊಂದು ಕಥೆಯೂ ಹೇಳಿಕೆಯಲ್ಲಿ ಉಳಿದಿದೆ. ಫರ್ನಲೋಪ್ ಫಿರಂಗಿ ಎಂಬ ಯುರೋಪಿನ ವೈದ್ಯ ಸುಲ್ತಾನನಿಗೆ ಶಸ್ತ್ರಚಿಕಿತ್ಸೆ ಮಾಡಿದ, ಸುಲ್ತಾನ ಉಳಿಯಲಿಲ್ಲ, ಸಿಟ್ಟಿಗೆದ್ದ ಅಧಿಕಾರಿಗಳು ವೈದ್ಯನ ಮೂಗು, ತುಟಿ ಕೊಯ್ಸಿದರು. ಅವನು ಮನೆಗೆ ಹೋಗಿ ತನ್ನ ಗುಲಾಮನ ಮೂಗು, ತುಟಿ ಕೊಯ್ದು ತನಗೆ ಅಂಟಿಸಿಕೊಂಡು ಮತ್ತೆ ಬಹುಕಾಲ ಬಿಜಾಪುರದಲ್ಲೇ ವೈದ್ಯ ಮಾಡಿದನಂತೆ. ಇದು ಹೇಳಿದಂತೆ ನಡೆದಿರಲಾರದು. ಒಬ್ಬರ ಚರ್ಮವನ್ನು ಇನ್ನೊಬ್ಬರ ದೇಹ ಕೆಲವು ವಾರಗಳಲ್ಲೇ ತಿರಸ್ಕರಿಸುತ್ತದೆ. ಅವನ ಮುಖ ನಿಜಕ್ಕೂ ಸರಿಹೋಗಿದ್ದರೆ, ಹಣೆಯ ಚರ್ಮ ಬಲ್ಲ ಊರಿನ ಕೈಗಳೇ ಅದನ್ನು ಸರಿಮಾಡಿರಬೇಕು. ಈ ಕಥೆಯಲ್ಲಿ ಫಿರಂಗಿಯ ಹೆಸರು ಉಳಿದಿದೆ, ಗುಲಾಮನ ಹೆಸರು ಉಳಿದಿಲ್ಲ. ಅದೂ ನೋಯಿಸುವ ಸಂಗತಿಯೇ.

ಈ ವಿದ್ಯೆಯ ಬೇರು ಸುಶ್ರುತನವರೆಗೆ ಹೋಗುತ್ತದೆ. ಆದರೆ ಸುಶ್ರುತ ಸಂಹಿತೆ ಹೇಳುವುದು ಹಣೆಯ ಚರ್ಮವನ್ನಲ್ಲ, ಕೆನ್ನೆಯ ಚರ್ಮವನ್ನು. ಮೂಗಿನ ಅಳತೆಗೆ ಒಂದು ಎಲೆ ಕತ್ತರಿಸಿ, ಅದೇ ಅಳತೆಯಲ್ಲಿ ಕೆನ್ನೆಯ ಚರ್ಮ ಬಿಡಿಸಿ, ಒಂದು ಕಡೆ ಅಂಟಿಕೊಂಡಿರುವಂತೆಯೇ ಮೂಗಿಗೆ ಹೊಲಿಯಬೇಕು; ಹೊಳ್ಳೆಗಳಲ್ಲಿ ಎರಡು ಕೊಳವೆ ಇಡಬೇಕು; ಜ್ಯೇಷ್ಠಮಧುವಿನಂಥ ಪುಡಿ ಉದುರಿಸಿ, ಹತ್ತಿ ಮುಚ್ಚಿ, ಎಳ್ಳೆಣ್ಣೆ ಹನಿಸುತ್ತಿರಬೇಕು. ಕೆನ್ನೆಯಿಂದ ಹಣೆಗೆ ಬಂದದ್ದು ಯಾವುದೋ ಗ್ರಂಥದಿಂದಲ್ಲ, ತಲೆಮಾರುಗಳ ಅನುಭವದಿಂದ. ಹಣೆಯ ಚರ್ಮ ಮೂಗಿನ ಬಣ್ಣಕ್ಕೂ ದಪ್ಪಕ್ಕೂ ಹೆಚ್ಚು ಹೊಂದುತ್ತದೆ. ಕೆನ್ನೆಯ ಕಲೆ ನಕ್ಕಾಗಲೆಲ್ಲ ಎಳೆಯುತ್ತದೆ, ಹಣೆಯದು ಪೇಟದ ಅಂಚಿನಲ್ಲಿ ಅಡಗುತ್ತದೆ.

ಕಲೆಯ ಚಿಂತೆ ಸುಶ್ರುತನಿಗೂ ಇತ್ತು. ವ್ರಣಕ್ಕೆ ಅವನು ಹೇಳುವ 60 ಉಪಚಾರಗಳಲ್ಲಿ ಕೆಲವು, ಗಾಯ ಮಾಯ್ದ ಮೇಲಿನವು. ಬೆಳ್ಳಗೆ ಉಳಿದ ಕಲೆಯನ್ನು ಕಪ್ಪಾಗಿಸುವುದು, ಕಪ್ಪಾದದ್ದನ್ನು ತಿಳಿಯಾಗಿಸುವುದು, ತಗ್ಗಾದದ್ದನ್ನು ಎತ್ತರಿಸುವುದು, ಉಬ್ಬಿದ್ದನ್ನು ತಗ್ಗಿಸುವುದು, ಕೂದಲು ಉದುರಿದ ಜಾಗದಲ್ಲಿ ಮತ್ತೆ ಕೂದಲು ಬರಿಸುವುದು. ಕಪ್ಪಾಗಿಸಲು ಕೇರುಬೀಜದ ಎಣ್ಣೆಗೆ ಸುಟ್ಟ ಗೊರಸಿನ ಬೂದಿ ಬೆರೆಸಬೇಕಿತ್ತು. ಕೇರೆಣ್ಣೆ ಚರ್ಮ ಸುಡುವ ವಸ್ತು, ಇಂದು ಯಾರೂ ಇದನ್ನು ಮಾಡಿನೋಡಬಾರದು. ಮೆಚ್ಚಬೇಕಾದದ್ದು ಆ ದೃಷ್ಟಿಯನ್ನು: ಜೀವ ಉಳಿದ ಮೇಲೆ, ಗಾಯ ಕೂಡಿದ ಮೇಲೆ, ಮನುಷ್ಯನಿಗೆ ತನ್ನ ಮೊದಲಿನ ಮೈಬಣ್ಣವೂ ಬೇಕಾಗುತ್ತದೆ, ಅದನ್ನು ಕೊಡುವುದೂ ವೈದ್ಯನ ಕೆಲಸ ಎಂದು ಒಪ್ಪಿದ್ದನ್ನು.

1686ರ ಸೆಪ್ಟೆಂಬರ್ 12ರಂದು ಹದಿನೆಂಟರ ಹರೆಯದ ಸುಲ್ತಾನ ಸಿಕಂದರ್ ಆದಿಲ್‌ಶಾಹ ಶರಣಾದ. ಎರಡೇ ವರ್ಷಕ್ಕೆ ಮಹಾಮಾರಿ ಬಂತು. ಔರಂಗಜೇಬನ ಪತ್ನಿಯೊಬ್ಬಳು ಅದಕ್ಕೆ ಬಲಿಯಾದಳು, ಸೇನಾಪತಿ ಫಿರೋಜ್ ಜಂಗ್ ಕಣ್ಣು ಕಳೆದುಕೊಂಡ. ಊರು ಬರಿದಾಯಿತು, ಕಸುಬುದಾರರು ಚದುರಿದರು. ಅರಮನೆ ಕಟ್ಟಿದವರ ಗುರುತು ಕಲ್ಲಿನಲ್ಲಾದರೂ ಉಳಿಯುತ್ತದೆ. ಮೂಗು ಕಟ್ಟಿದವರ ಕೆಲಸ ಆ ಮೂಗಿನವರು ಸತ್ತ ದಿನ ಮಣ್ಣಾಯಿತು.

ವಿದ್ಯೆ ಮಾತ್ರ ದಖ್ಖನಿನಲ್ಲಿ ಸಾಯಲಿಲ್ಲ. ಒಂದು ಶತಮಾನದ ಮೇಲೆ ಅದು ಮತ್ತೆ ಕಾಣಿಸಿಕೊಂಡದ್ದೂ ಒಬ್ಬ ಎತ್ತಿನವನ ಮುಖದ ಮೇಲೆಯೇ. ಕಾವಸ್ಜಿ ಎಂಬಾತ 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು, ಒಂದು ಕೈ ಎರಡನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ ಮೇಲೆ ಪುಣೆಯ ಬಳಿ ಒಬ್ಬ ಮರಾಠಿ ವೈದ್ಯ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಆ ವೈದ್ಯ ಇಟ್ಟಿಗೆ ಸುಡುವವರ ಜಾತಿಯವನೆಂದು ದಾಖಲೆ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ 1794ರ ಜನವರಿಯಲ್ಲಿ ಕಾವಸ್ಜಿಯ ಚಿತ್ರ ಬರೆದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಇಡೀ ವಿಧಾನವನ್ನು ಚಿತ್ರಸಮೇತ ಅಚ್ಚು ಹಾಕಿತು.

ಈ ವಿಧಾನವನ್ನು ಹತ್ತಿರದಿಂದ ನೋಡಬೇಕು. ವೈದ್ಯ ಮೊದಲು ತೆಳ್ಳಗಿನ ಮೇಣದ ಹಾಳೆಯನ್ನು ಮೂಗಿನ ಮೋಟಿನ ಮೇಲೆ ಇಟ್ಟು, ಒಳ್ಳೆಯ ಮೂಗಿನ ಆಕಾರಕ್ಕೆ ತಿದ್ದುತ್ತಾನೆ. ಆ ಮೇಣವನ್ನು ಬಿಡಿಸಿ ಚಪ್ಪಟೆ ಮಾಡಿ ಹಣೆಯ ಮೇಲೆ ಹಾಸುತ್ತಾನೆ. ಸುತ್ತ ಗೆರೆ ಎಳೆಯುತ್ತಾನೆ. ಗೆರೆಯಗುಂಟ ಚರ್ಮ ಬಿಡಿಸುತ್ತಾನೆ, ಕಣ್ಣುಗಳ ನಡುವೆ ಒಂದು ಪಟ್ಟಿ ಮಾತ್ರ ಬಿಟ್ಟು. ಮೋಟಿನ ಅಂಚಿನಲ್ಲಿ ಹಸಿಗಾಯ ಮಾಡಿ, ಹೊಸ ಚರ್ಮದ ಅಂಚನ್ನು ಅದರೊಳಗೆ ಸೇರಿಸುತ್ತಾನೆ. ಎಲೆಯಡಿಕೆಗೆ ಹಾಕುವ ಕಾಚನ್ನೇ ನೀರಲ್ಲಿ ಕಲಸಿ, ಬಟ್ಟೆಯ ತುಣುಕುಗಳಿಗೆ ಸವರಿ, ಒಂದರ ಮೇಲೊಂದು ಕೂರಿಸುತ್ತಾನೆ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆ ಮುಚ್ಚಿಕೊಳ್ಳದಂತೆ ಮೆತ್ತನೆಯ ಬಟ್ಟೆ ತುರುಕುತ್ತಾರೆ. 25ನೆಯ ದಿನದ ಹೊತ್ತಿಗೆ ಕಣ್ಣುಗಳ ನಡುವಿನ ಪಟ್ಟಿಯನ್ನು ಕಡಿದು ಮೂಗಿನ ಬುಡವನ್ನು ಅಂದಗೊಳಿಸುತ್ತಾರೆ. ಇಂದಿನ ಸರ್ಜನ್ನರೂ ಸಾಮಾನ್ಯವಾಗಿ ಸುಮಾರು ಮೂರು ವಾರ ಕಾದೇ ಅದನ್ನು ಕಡಿಯುತ್ತಾರೆ. ಬಿಜಾಪುರದ ಮುಖಗಳಲ್ಲಿ ಮನೂಚಿ ಕಂಡ ಹುಬ್ಬಿನ ನಡುವಿನ ತೂತು ಪುಣೆಯ ವರದಿಯಲ್ಲಿಲ್ಲ. ನಡುವಿನ ನೂರು ವರ್ಷಗಳಲ್ಲಿ ಯಾರೋ, ಎಲ್ಲೋ, ಈ ಎರಡನೆಯ ಕೊಯ್ತವನ್ನು ಸೇರಿಸಿದ್ದಾರು. ಅಥವಾ ಎರಡು ಮನೆತನಗಳ ಕೈ ಬೇರೆ ಬೇರೆ ಇದ್ದೀತು.

ಲಂಡನ್ನಿನ ಪತ್ರಿಕೆ ಮೂಗಿನ ಜೊತೆಗೆ ಹಣೆಯನ್ನೂ ನೋಡಿತು. ಕಾಲ ಕಳೆದಂತೆ ಹಣೆಯ ಮೇಲಿನ ಕಲೆ ಅಷ್ಟಾಗಿ ಎದ್ದು ಕಾಣುವುದಿಲ್ಲ ಎಂದು ಒಂದು ಮಾತು ಸೇರಿಸಿತು. ಓದುವ ಇಂಗ್ಲಿಷ್ ವೈದ್ಯನ ಮನಸ್ಸಿನಲ್ಲಿ ಏಳಬಹುದಾದ ಪ್ರಶ್ನೆಗೆ ಅದು ಮೊದಲೇ ಕೊಟ್ಟ ಉತ್ತರ. ಒಂದು ಕಡೆಯ ಕೊರತೆ ತುಂಬಲು ಇನ್ನೊಂದು ಕಡೆ ಚರ್ಮ ತೆಗೆದರೆ ಅಲ್ಲೊಂದು ಗುರುತು ಉಳಿಯಲೇಬೇಕು. 20 ವರ್ಷಗಳ ಮೇಲೆ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಇದೇ ಶಸ್ತ್ರಚಿಕಿತ್ಸೆ ಮಾಡಿ, 1816ರಲ್ಲಿ ಪುಸ್ತಕ ಬರೆದ. ಅಲ್ಲಿಂದ ಜರ್ಮನಿಗೆ, ಯುರೋಪಿಗೆಲ್ಲ ಹರಡಿದ ಈ ವಿದ್ಯೆಯನ್ನು ಇಂದಿಗೂ ಭಾರತೀಯ ವಿಧಾನ ಎಂದೇ ಕರೆಯುತ್ತಾರೆ.

ಮುಂದೆ ಅದೇ ತತ್ತ್ವ ಮುಖ ಬಿಟ್ಟು ಮೈಗೆಲ್ಲ ಹಬ್ಬಿತು. 1906ರಲ್ಲಿ ಇಟಲಿಯ ಇಜಿನಿಯೊ ತಾನ್ಸಿನಿ, ಕ್ಯಾನ್ಸರಿಗಾಗಿ ಸ್ತನ ತೆಗೆದ ಜಾಗಕ್ಕೆ ಬೆನ್ನಿನ ಚರ್ಮವನ್ನು ಸ್ನಾಯುವಿನ ಸಮೇತ ತಿರುಗಿಸಿ ತಂದ. 1982ರಲ್ಲಿ ಅಮೆರಿಕದ ಕಾರ್ಲ್ ಹಾರ್ಟ್‌ರಾಂಪ್ ಕಿಬ್ಬೊಟ್ಟೆಯ ಚರ್ಮ, ಕೊಬ್ಬನ್ನು ರಕ್ತನಾಳ ಕಡಿಯದೆ ಮೇಲಕ್ಕೆ ಎಳೆದು ಸ್ತನ ರೂಪಿಸುವ ವಿಧಾನ ಪ್ರಕಟಿಸಿದ. ಬುಡ ಕಡಿಯದೆ ಚರ್ಮವನ್ನು ತಿರುಗಿಸಿ ಬೇರೆಡೆ ಕೂರಿಸುವುದು ಬಿಜಾಪುರದ ಹೊರವಲಯದಲ್ಲಿ ಮೇವಿನವನ ಮುಖಕ್ಕೆ ಮಾಡಿದ ಕೆಲಸವೇ. ಸೌಂದರ್ಯಕ್ಕೆಂದು ಮಾಡುವ ಸ್ತನ ಶಸ್ತ್ರಚಿಕಿತ್ಸೆ ಬೇರೊಂದು ಹಾದಿ ಹಿಡಿಯಿತು. 1962ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಹೆಣ್ಣುಮಗಳಿಗೆ ಮೊದಲ ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಆಕೆ ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. ಒಂದು ಗುರುತು ಅಳಿಸಲು ಹೋದವಳ ಮೈಮೇಲೆ ವೈದ್ಯಚರಿತ್ರೆಯ ಹೊಸ ಗುರುತು ಬಿತ್ತು.

ಅಲ್ಲಿಂದ ಮುಂದೆ ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕೌಶಲ ಎಂದರೆ ಕಲೆಯನ್ನು ಎಲ್ಲಿ ಅಡಗಿಸಬೇಕು ಎಂಬುದೂ ಆಯಿತು. ಸ್ತನದ ಕೆಳಗಿನ ಮಡಿಕೆಯಲ್ಲಿ, ಕಂಕುಳಲ್ಲಿ, ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲಿ ಕೊಯ್ಯುತ್ತಾರೆ. ಭಾರ ತಗ್ಗಿಸುವ ಶಸ್ತ್ರಚಿಕಿತ್ಸೆಯಾದರೆ ವೃತ್ತದಿಂದ ಕೆಳಕ್ಕೊಂದು ಗೆರೆ, ಮಡಿಕೆಯಗುಂಟ ಇನ್ನೊಂದು ಗೆರೆ ಬರುವುದು ಸಾಮಾನ್ಯ. ನಮ್ಮಂಥ ಕಂದು ಮೈಬಣ್ಣದವರಿಗೆ ಎರಡು ತೊಂದರೆ ಹೆಚ್ಚು: ಗೆರೆ ಕಪ್ಪಾಗುವುದು, ಇಲ್ಲವೇ ಉಬ್ಬುವುದು. ಉಬ್ಬು ಗಾಯದ ಗೆರೆಯೊಳಗೇ ಉಳಿದರೆ ಕಾಲಕ್ರಮದಲ್ಲಿ ತಗ್ಗುತ್ತದೆ. ಗೆರೆ ದಾಟಿ ಅಕ್ಕಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬಿದರೆ ಅದು ಕೀಲಾಯ್ಡ್. ಬರೀ ಕೊಯ್ದು ತೆಗೆದರೆ ಹಲವು ಸಲ ಇನ್ನೂ ದೊಡ್ಡದಾಗಿ ಮರಳುತ್ತದೆ. ಅದಕ್ಕೇ ಸ್ಟೀರಾಯ್ಡ್ ಸೂಜಿಮದ್ದು ಕೊಡುತ್ತಾರೆ. 1980ರ ದಶಕದ ಆರಂಭದಲ್ಲಿ ಸುಟ್ಟಗಾಯದ ಕಲೆಗಳಿಗೆಂದು ಬಂದ ಸಿಲಿಕೋನ್ ಪಟ್ಟಿ ಈಗ ಹೊಲಿಗೆಯ ಗೆರೆಗೂ ಬಂದಿದೆ. ಇಂಪ್ಲಾಂಟಿನ ಹೊದಿಕೆ ಯಾವ ವಸ್ತುವಿನದೋ ಅದೇ ವಸ್ತು ಅದರ ಕಲೆಯನ್ನೂ ಮೆತ್ತಗಾಗಿಸುತ್ತದೆ.

ಬಿಜಾಪುರ ಬಿದ್ದು ಸರಿಯಾಗಿ 300 ವರ್ಷಕ್ಕೆ, 1986ರಲ್ಲಿ, ಅದೇ ಊರಿನಲ್ಲಿ, ಇಂದಿನ ವಿಜಯಪುರದಲ್ಲಿ, ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದನ್ನು ನಡೆಸುವ ಬಿ.ಎಲ್.ಡಿ.ಇ. ಸಂಸ್ಥೆ ವಚನಗಳನ್ನು ಬೆಳಕಿಗೆ ತಂದ ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ್ದು. ಕಾಲೇಜಿಗೆ ಹೆಸರಾದವರು ತಿಕೋಟಾ ಕ್ಷೇತ್ರವನ್ನು ಪ್ರತಿನಿಧಿಸಿದ್ದವರು. ಈ ಕಾಲೇಜಿಗಿಂತ ಎರಡು ವರ್ಷ ಮೊದಲು ತಿಕೋಟಾ ಕಡೆಗೆ ಹೋಗುವ ಅಥಣಿ ರಸ್ತೆಯಲ್ಲೇ ಅಲ್-ಅಮೀನ್ ವೈದ್ಯಕೀಯ ಕಾಲೇಜು ಬಂದಿತ್ತು. ಈ ಎರಡು ಕಡೆ ಶಸ್ತ್ರವೈದ್ಯ ಓದುವ ಹುಡುಗ ಹುಡುಗಿಯರಿಗೆ ಮನೂಚಿಯ ಆ ಪುಟವನ್ನು ಒಮ್ಮೆಯಾದರೂ ಓದಿಸಬೇಕು. ಪಠ್ಯದಲ್ಲಿ ಬರುವ ಹಣೆಯ ಚರ್ಮದ ಚಿತ್ರಕ್ಕೂ ತಾವು ದಿನಾ ಓಡಾಡುವ ರಸ್ತೆಗೂ ನಂಟಿದೆ ಎಂದು ತಿಳಿದರೆ ಓದು ಬೇರೆಯೇ ಆಗುತ್ತದೆ.

ಕಲೆಯ ಆರೈಕೆಯನ್ನೂ ಈ ಊರಿನ ಬದುಕಿಗೆ ಹೊಂದಿಸಿಯೇ ಹೇಳಬೇಕು. ಸ್ತನದ ಶಸ್ತ್ರಚಿಕಿತ್ಸೆಯ ಮೇಲೆ ಭಾರ ಎತ್ತಬೇಡಿ ಎಂದರೆ ಬಬಲೇಶ್ವರದ ಹೆಣ್ಣುಮಗಳು ಕೊಡ ಎತ್ತುವುದನ್ನು ಬಿಟ್ಟಾಳು; ರೊಟ್ಟಿ ಬಡಿಯುವುದನ್ನು ಭಾರದ ಕೆಲಸವೆಂದು ಆಕೆ ಎಣಿಸುವುದಿಲ್ಲ. ಆದರೆ ಜೋಳದ ರೊಟ್ಟಿ ಬಡಿಯುವಾಗ ಪ್ರತಿ ಬಡಿತಕ್ಕೂ ಎದೆಯ ಸ್ನಾಯು ಎಳೆಯುತ್ತದೆ, ಹಸಿ ಹೊಲಿಗೆಯೂ ಎಳೆಯುತ್ತದೆ; ಎಳೆತಕ್ಕೆ ಸಿಕ್ಕ ಗೆರೆ ಅಗಲವಾಗುತ್ತದೆ, ಉಬ್ಬುತ್ತದೆ. ಹಾಗಾಗಿ ನಾಲ್ಕರಿಂದ ಆರು ವಾರ ರೊಟ್ಟಿ ಬೇರೆಯವರು ಬಡಿಯಬೇಕು ಎಂದು ಮನೆಯವರನ್ನು ಕರೆದು ಸ್ಪಷ್ಟವಾಗಿ ಹೇಳುವುದು ಮೇಲು. ಹಸಿಗಾಯಕ್ಕೆ ಅರಿಸಿನ, ಪೇಸ್ಟು, ಈರುಳ್ಳಿ ರಸ ಹಚ್ಚುವುದು ಬೇಡ. ಗಾಯ ಪೂರ್ತಿ ಕೂಡಿದ ಮೇಲೆ, ಎರಡು ಮೂರು ವಾರಕ್ಕೆ, ವೈದ್ಯರನ್ನು ಕೇಳಿ ಸಿಲಿಕೋನ್ ಪಟ್ಟಿ ಇಲ್ಲವೇ ಜೆಲ್ ಶುರುಮಾಡಬಹುದು. ಪಟ್ಟಿಯಾದರೆ ದಿನಕ್ಕೆ 12 ಗಂಟೆಗೂ ಹೆಚ್ಚು ಹೊತ್ತು, ಎರಡು ಮೂರು ತಿಂಗಳು. ಬೇಸಿಗೆಯಲ್ಲಿ ಬೆವರಿಗೆ ಅದು ಕಿತ್ತು ಬರುತ್ತದೆ, ಕೆಳಗೆ ಬೆವರುಸಾಲೆ ಏಳುತ್ತದೆ. ಆಗ ತೆಗೆದು, ತೊಳೆದು, ಒಣಗಿಸಿ ಮತ್ತೆ ಹಾಕಿಕೊಳ್ಳಬೇಕು. ಕುಪ್ಪಸದ ಅಂಚಿನ ಹೊರಗೆ ಕಾಣುವ ಗೆರೆಗೆ ಬಿಸಿಲು ತಾಗದಂತೆ ನೋಡಿಕೊಳ್ಳಬೇಕು, ಹೊಸ ಕಲೆ ಬಿಸಿಲಿಗೆ ಬೇಗ ಕಪ್ಪಾಗುತ್ತದೆ.

ಮೊದಲ ಎರಡು ಮೂರು ತಿಂಗಳಲ್ಲಿ ಗೆರೆ ಕೆಂಪಾಗಿ, ಗಟ್ಟಿಯಾಗಿ, ಮೊದಲಿಗಿಂತ ಹೆಚ್ಚೇ ಕಾಣುತ್ತದೆ. ಬಹಳ ಮಂದಿ ಹೆದರುವುದು, ಮತ್ತೆ ಕೊಯ್ದು ಸರಿಮಾಡಿ ಎಂದು ವೈದ್ಯರ ಮುಂದೆ ಕೂರುವುದು ಆಗಲೇ. ಕಲೆ ಪಕ್ವವಾಗಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ಅಲ್ಲಿಯತನಕ ಒಳ್ಳೆಯ ಸರ್ಜನ್ನರು ಸಾಮಾನ್ಯವಾಗಿ ಕತ್ತಿ ಹಿಡಿಯುವುದಿಲ್ಲ.